ಅಪ್ಪನಿಗೆ ಮೀಸೋಥೀಲಿಯೋಮ ಅಂದಿದ್ದಾರೆ. ಕಿಮೋನಾ, ಆಪರೇಷನ್ನಾ? ಗೊತ್ತಿದ್ದವರು ದಯವಿಟ್ಟು ಹೇಳಿ

ಘಟಪ್ರಭಾ ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಬಿಡಿಸಿ ಹೇಳದಿದ್ದರೆ ಅರ್ಥ ಆಗುವ ವಿಷಯ ಅಲ್ಲ ಇದು.

ನಮ್ಮ ಅಪ್ಪನಿಗೆ 67 ವರ್ಷ. ಬೆಳಗಾವಿ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ 1980ರಲ್ಲಿ ಬಾಯ್ಲರ್ ವಿಭಾಗಕ್ಕೆ ಹೆಲ್ಪರ್ ಆಗಿ ಸೇರಿದರು, ಫಿಟ್ಟರ್ ಆಗಿ ರಿಟೈರ್ ಆದರು. ಬೀಡಿ ಸಿಗರೇಟು ಒಂದು ದಿನ ಮುಟ್ಟಿದವರಲ್ಲ. ಹೋದ ದೀಪಾವಳಿ ಹೊತ್ತಿಗೆ ಬಲಗಡೆ ಪಕ್ಕೆಲುಬು ನೋಯುತ್ತದೆ ಅನ್ನತೊಡಗಿದರು. ಆಮೇಲೆ ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ಏದುಸಿರು. ಎಕ್ಸ್‌ರೇ ತೆಗೆಸಿದರೆ ಎದೆಯಲ್ಲಿ ನೀರು ತುಂಬಿತ್ತು. ಸೂಜಿ ಹಾಕಿ ಒಂದೂವರೆ ಲೀಟರ್ ತೆಗೆದರು. ನೀರಿನ ರಿಪೋರ್ಟ್ ನೋಡಿ, ಟಿಬಿ ಇರಬಹುದು ಅಂತ ಮಾತ್ರೆ ಶುರು ಮಾಡಿದರು. ಅಪ್ಪ ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದರು. ಆದರೂ ನೀರು ಮೂರು ಸಲ ಮತ್ತೆ ತುಂಬಿತು. ತೂಕ ಒಂಬತ್ತು ಕೆಜಿ ಇಳಿಯಿತು.

ಕೊನೆಗೆ ಮಿರಜ್‌ಗೆ ಕರೆದುಕೊಂಡು ಹೋದೆವು. ಅಲ್ಲಿ ದುರ್ಬೀನು ಹಾಕಿ ಎದೆಯ ಒಳಗಿನ ಪೊರೆಯ ತುಂಡು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟಿನಲ್ಲಿ "ಮೀಸೋಥೀಲಿಯೋಮ, ಎಪಿಥೀಲಿಯಾಯ್ಡ್" ಅಂತ ಬಂದಿದೆ. ಡಾಕ್ಟರು ಒಳ್ಳೆಯವರೇ, ಆದರೆ ಹತ್ತು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದರು. ಕ್ಯಾನ್ಸರ್ ಅನ್ನುವ ಮಾತು ಕೇಳಿದ ಮೇಲೆ ಮುಂದಿನದು ನನ್ನ ತಲೆಗೆ ಹೋಗಲೇ ಇಲ್ಲ.

ಈಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮಾಮಾ "ಮುಂಬೈಗೆ ಹೋಗಿ ಆಪರೇಷನ್ ಮಾಡಿಸಿ ಬೇರುಸಮೇತ ತೆಗೆಸಿಬಿಡಿ" ಅನ್ನುತ್ತಾರೆ. ಅಣ್ಣ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ) ಬಗ್ಗೆ ಓದಿಕೊಂಡು ಬಂದು ಎರಡು ಎಕರೆ ಮಾರೋಣ ಅನ್ನುತ್ತಿದ್ದಾನೆ. ಅಪ್ಪ "ಹೊಲ ಮುಟ್ಟಬೇಡಿ, ನನ್ನ ಪಾಡಿಗೆ ನನ್ನನ್ನು ಬಿಡಿ" ಅಂತ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಇದು ಶ್ವಾಸಕೋಶದ ಕ್ಯಾನ್ಸರೇ ಅಲ್ವಾ? ವಾಸಿ ಆಗುತ್ತದಾ? ನಮ್ಮ ಮನೆಯ ಮೇಲೂ ಸಿಮೆಂಟ್ ಶೀಟೇ ಇದೆ, ಅದರಿಂದ ಬಂದಿರಬಹುದಾ? ಯಾವುದನ್ನು ಮೊದಲು ಮಾಡಬೇಕು ಅಂತ ಗೊತ್ತಾಗುತ್ತಿಲ್ಲ.

ಎದೆರೋಗ ವಿಭಾಗ:

ಮೇಡಂ, ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಶ್ವಾಸಕೋಶದ ರೋಗಗಳನ್ನು ನೋಡುವ ವೈದ್ಯ. ನಿಮ್ಮ ಅಪ್ಪನನ್ನು ನಾನು ಪರೀಕ್ಷೆ ಮಾಡಿಲ್ಲ, ಸ್ಕ್ಯಾನ್ ನೋಡಿಲ್ಲ. ಹಾಗಾಗಿ ನಿಮ್ಮ ಡಾಕ್ಟರ ಹತ್ತಿರ ಕೂತು ಮಾತಾಡುವಾಗ ಉಪಯೋಗ ಆಗುವಷ್ಟು ಹೇಳುತ್ತೇನೆ.

ಇದು ಶ್ವಾಸಕೋಶದ ಕ್ಯಾನ್ಸರ್ ಅಲ್ಲ. ಶ್ವಾಸಕೋಶದ ಹೊರಗೆ ಮತ್ತು ಎದೆಗೂಡಿನ ಒಳಗೋಡೆಗೆ ಒಂದು ತೆಳು ಪೊರೆ ಇರುತ್ತದೆ, ಅದರಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಅಪರೂಪಕ್ಕೆ ಹೊಟ್ಟೆಯ ಪೊರೆಯಲ್ಲೂ ಬರುತ್ತದೆ, ಅದರ ಚಿಕಿತ್ಸೆಯೇ ಬೇರೆ. ನೆಟ್‌ನಲ್ಲಿ ಹೊಟ್ಟೆ ಆಪರೇಷನ್ ಮಾಡಿ ಬಿಸಿ ಕಿಮೋ ಔಷಧಿ ಹಾಕಿಸಿಕೊಂಡು ಹಲವು ವರ್ಷ ಚೆನ್ನಾಗಿ ಬದುಕಿದವರ ಕಥೆ ಓದಿದರೆ ಅದು ಹೊಟ್ಟೆಯ ವಿಧದ್ದು, ನಿಮ್ಮ ಅಪ್ಪನಿಗೆ ಹೋಲಿಸಬೇಡಿ.

ಕಾರಣ ಬಹುಪಾಲು ಆಸ್ಬೆಸ್ಟಾಸ್, ನಮ್ಮ ಮಾತಲ್ಲಿ ಕಲ್ನಾರು. ಕಲ್ಲೇ, ಆದರೆ ನಾರಿನ ಹಾಗೆ ಸೀಳುತ್ತಾ ಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಉಸಿರಿನ ಜೊತೆ ಒಳಗೆ ಹೋಗಿ ಪೊರೆಯಲ್ಲಿ ಸಿಕ್ಕಿಕೊಳ್ಳುತ್ತವೆ, ದೇಹಕ್ಕೆ ಅವನ್ನು ಕರಗಿಸಲು ಆಗುವುದಿಲ್ಲ. ವರ್ಷಗಟ್ಟಲೆ ಅಲ್ಲೇ ಕೆರಳಿಸುತ್ತಾ ಕೂತಿರುತ್ತವೆ. ಧೂಳು ಕುಡಿದ 20ರಿಂದ 50 ವರ್ಷದ ಮೇಲೆ ರೋಗ ಕಾಣಿಸಿಕೊಳ್ಳುತ್ತದೆ. ಅಪ್ಪ 1980ರಲ್ಲಿ ಕೆಲಸಕ್ಕೆ ಸೇರಿದರು ಅಂದಿರಲ್ಲ, ಲೆಕ್ಕ ಸರಿಯಾಗಿ ಕೂರುತ್ತದೆ. ಬೀಡಿ ಸಿಗರೇಟಿಗೂ ಇದಕ್ಕೂ ಸಂಬಂಧ ಇಲ್ಲ. ಇದನ್ನು ಮೊದಲು ಗಟ್ಟಿಯಾಗಿ ತೋರಿಸಿಕೊಟ್ಟಿದ್ದು 1960ರಲ್ಲಿ, ದಕ್ಷಿಣ ಆಫ್ರಿಕಾದ ಕಲ್ನಾರು ಗಣಿಗಳ ಪ್ರದೇಶದ 33 ರೋಗಿಗಳನ್ನು ನೋಡಿ. ಅವರಲ್ಲಿ ಗಣಿ ಒಳಗೆ ಕೆಲಸವನ್ನೇ ಮಾಡದೆ, ಚಿಕ್ಕವರಿದ್ದಾಗ ಸುಮ್ನೆ ಆ ಊರಲ್ಲಿ ಬೆಳೆದವರೂ ಇದ್ದರು.

ಟಿಬಿ ಮಾತ್ರೆ ಬಗ್ಗೆ ಒಂದು ಮಾತು. ನಮ್ಮ ದೇಶದಲ್ಲಿ ಎದೆಯಲ್ಲಿ ನೀರು ಅಂದರೆ ಮೊದಲು ಟಿಬಿಯೇ ನೆನಪಿಗೆ ಬರುತ್ತದೆ, ಹೆಚ್ಚಿನ ಸಲ ಅದು ಸರಿಯೇ ಇರುತ್ತದೆ. ಎರಡರಲ್ಲೂ ನೀರಿನ ರಿಪೋರ್ಟ್ ಒಂದೇ ಥರ ಕಾಣಬಹುದು. ಟಿಬಿಗೆ ಅಂತ ಆ ನೀರಿನಲ್ಲಿ ನೋಡುವ ಎಡಿಎ ಅನ್ನುವ ಅಂಶ ಕೂಡ ಕೆಲವು ಸಲ ಈ ಕ್ಯಾನ್ಸರಿನಲ್ಲಿ ಏರಿರುತ್ತದೆ. ತೆಗೆದ ನೀರಿನಲ್ಲಿ ಕ್ಯಾನ್ಸರ್ ಕಣ ಸಿಗದಿದ್ದರೆ ಕ್ಯಾನ್ಸರ್ ಇಲ್ಲ ಅಂತ ಅರ್ಥ ಅಲ್ಲ. ನೀರು ಮತ್ತೆ ಮತ್ತೆ ತುಂಬುತ್ತಿದೆ, ಟಿಬಿಯ ರೋಗಾಣು ಎಲ್ಲೂ ಸಿಕ್ಕಿಲ್ಲ, ತೂಕ ಇಳಿಯುತ್ತಿದೆ, ಕಲ್ನಾರಿನ ಕೆಲಸ ಮಾಡಿದ ಮನುಷ್ಯ, ಇಷ್ಟು ಸೇರಿದರೆ ತಡ ಮಾಡದೆ ಪೊರೆಯ ತುಂಡು ತೆಗೆಯಲೇಬೇಕು. ಇದನ್ನು ಓದುತ್ತಿರುವ ಬೇರೆಯವರಿಗೂ ಸೇರಿಸಿ ಹೇಳುತ್ತಿದ್ದೇನೆ: ನಿಮ್ಮ ಡಾಕ್ಟರು ಕೇಳದಿದ್ದರೂ ಮನೆಯವರು ಏನು ಕೆಲಸ ಮಾಡಿದ್ದರು ಅಂತ ನೀವೇ ಬಾಯಿಬಿಟ್ಟು ಹೇಳಿ.

ಈಗ ಚಿಕಿತ್ಸೆ. ಬಯಾಪ್ಸಿಯಲ್ಲಿ "ಎಪಿಥೀಲಿಯಾಯ್ಡ್" ಅಂತ ಬಂದಿದೆ ಅಲ್ವಾ, ಆ ಒಂದು ಪದ ತುಂಬಾ ಮುಖ್ಯ. ಈ ರೋಗದಲ್ಲಿ ಮೂರು ವಿಧ, ಎಪಿಥೀಲಿಯಾಯ್ಡ್, ಸಾರ್ಕೊಮಟಾಯ್ಡ್, ಎರಡೂ ಬೆರೆತದ್ದು. ಮೊದಲನೆಯದು ಉಳಿದವುಗಳಿಗಿಂತ ನಿಧಾನ, ಕಿಮೋಗೆ ಸ್ವಲ್ಪ ಚೆನ್ನಾಗಿ ಬಗ್ಗುತ್ತದೆ.

ಪೂರ್ತಿ ವಾಸಿ ಆಗುತ್ತದಾ ಅಂತ ಕೇಳಿದಿರಿ. ಇಲ್ಲ. ಇದನ್ನು ಸುತ್ತಿ ಬಳಸಿ ಹೇಳಿದರೆ ನಿಮಗೆ ಅನ್ಯಾಯ ಮಾಡಿದಂತೆ. ಆದರೆ ದಿನಗಳನ್ನು ಹೆಚ್ಚು ಮಾಡಬಹುದು, ಇರುವ ದಿನಗಳಲ್ಲಿ ಉಸಿರಾಟ ಸುಲಭ ಮಾಡಬಹುದು, ನೋವು ಇಲ್ಲದ ಹಾಗೆ ನೋಡಿಕೊಳ್ಳಬಹುದು.

ನಿಮ್ಮ ಮಾಮಾ ಹೇಳುವ ಆಪರೇಷನ್: ಈ ಕ್ಯಾನ್ಸರ್ ಗಡ್ಡೆಯ ಹಾಗೆ ಒಂದೇ ಕಡೆ ಕೂರುವುದಿಲ್ಲ, ಪೊರೆಯ ಉದ್ದಕ್ಕೂ ಹಾಸಿಕೊಂಡು ಹೋಗುತ್ತದೆ. ಬೇರುಸಮೇತ ಅನ್ನುವುದು ಇಲ್ಲಿ ಆಗುವ ಕೆಲಸ ಅಲ್ಲ. ಬ್ರಿಟನ್ನಿನಲ್ಲಿ 335 ರೋಗಿಗಳ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು, ಮಾರ್ಸ್ 2 ಅಂತ ಹೆಸರು, ಫಲಿತಾಂಶ 2024ರಲ್ಲಿ ಪ್ರಕಟ ಆಯಿತು. ಆಪರೇಷನ್ ಜೊತೆ ಕಿಮೋ ತೆಗೆದುಕೊಂಡವರ ಸರಾಸರಿ ಬದುಕು 19 ತಿಂಗಳು, ಬರೀ ಕಿಮೋ ತೆಗೆದುಕೊಂಡವರದು ಸುಮಾರು 25 ತಿಂಗಳು. ಆಪರೇಷನ್ ಆದವರಲ್ಲೇ ತೊಂದರೆ ಜಾಸ್ತಿ. ಅದೂ ಆಪರೇಷನ್ ತಡೆದುಕೊಳ್ಳುವಷ್ಟು ಗಟ್ಟಿ ಇದ್ದಾರೆ ಅಂತ ಆರಿಸಿದ ರೋಗಿಗಳಲ್ಲಿ. ಒಂಬತ್ತು ಕೆಜಿ ಇಳಿದಿರುವ 67ರ ನಿಮ್ಮ ಅಪ್ಪನಿಗೆ ಇದನ್ನು ನಾನಂತೂ ಹೇಳುವುದಿಲ್ಲ.

ಅಣ್ಣ ಹೇಳುವ ಇಮ್ಯುನೋಥೆರಪಿ: ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಅಂತ ಎರಡು ಔಷಧಿ ಸೇರಿಸಿ ಕೊಡುವುದಕ್ಕೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಒಟ್ಟು ಲೆಕ್ಕದಲ್ಲಿ ಸರಾಸರಿ ಬದುಕು ಕಿಮೋಗೆ 14 ತಿಂಗಳು, ಇದಕ್ಕೆ 18 ತಿಂಗಳು. ಆದರೆ ವಿಧದ ಪ್ರಕಾರ ಬಿಡಿಸಿ ನೋಡಿ. ಸಾರ್ಕೊಮಟಾಯ್ಡ್ ಮತ್ತು ಬೆರೆತ ವಿಧದವರಲ್ಲಿ ಸುಮಾರು 9 ತಿಂಗಳಿದ್ದದ್ದು 18ಕ್ಕೆ ಹೋಯಿತು, ಅಂದರೆ ಎರಡರಷ್ಟು. ಎಪಿಥೀಲಿಯಾಯ್ಡ್ ವಿಧದಲ್ಲಿ ಅಂತರ ಕಿಮೋಗಿಂತ ಎರಡು ತಿಂಗಳ ಆಸುಪಾಸು ಅಷ್ಟೇ. ಕೆಲವರಿಗೆ ಇದು ವರ್ಷಗಟ್ಟಲೆ ಕೆಲಸ ಮಾಡುತ್ತದೆ ಅನ್ನುವುದೂ ನಿಜ, ಆದರೆ ಯಾರಿಗೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಎರಡು ವರ್ಷದವರೆಗೂ ಕೊಡುವ ಔಷಧಿ, ಲಕ್ಷಗಳ ಮಾತು. ರಿಪೋರ್ಟಿನ ಆ ಒಂದು ಪದ ನೋಡಿ ಹೇಳುವುದಾದರೆ, ಹೊಲ ಮಾರಬೇಡಿ ಅಂತಲೇ ನಾನು ಹೇಳುತ್ತೇನೆ.

ಉಳಿದದ್ದು ಕಿಮೋ. ಪೆಮೆಟ್ರೆಕ್ಸೆಡ್ ಜೊತೆ ಸಿಸ್‌ಪ್ಲಾಟಿನ್. 2003ರಿಂದ ಇದೇ ಮುಖ್ಯ ಚಿಕಿತ್ಸೆ. ಕಿಡ್ನಿ ಅಥವಾ ಕಿವಿ ಸರಿ ಇಲ್ಲದಿದ್ದರೆ ಸಿಸ್‌ಪ್ಲಾಟಿನ್ ಬದಲು ಕಾರ್ಬೊಪ್ಲಾಟಿನ್ ಕೊಡುತ್ತಾರೆ. ಮೂರು ವಾರಕ್ಕೊಮ್ಮೆ, ನಾಲ್ಕರಿಂದ ಆರು ಸಲ. ಪೆಮೆಟ್ರೆಕ್ಸೆಡ್ ಈಗ ಹಲವು ಭಾರತೀಯ ಕಂಪನಿಗಳು ತಯಾರಿಸುತ್ತವೆ, ಬೆಲೆ ಮೊದಲಿನಷ್ಟಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್ ಆದರೆ ವೆಚ್ಚದ ಶೇ 30ರಷ್ಟು. ಮಿರಜ್ ಮಹಾರಾಷ್ಟ್ರ, ಅಲ್ಲಿ ನಮ್ಮ ರಾಜ್ಯದ ಕಾರ್ಡ್ ನಡೆಯುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಕಿಮೋ ಕರ್ನಾಟಕದ ಒಳಗೇ ಮಾಡಿಸಬಹುದು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಇದೆ, ಹುಬ್ಬಳ್ಳಿಯಲ್ಲೂ ಇದೆ.

ಮತ್ತೆ ಎಲ್ಲಕ್ಕಿಂತ ಮೊದಲು ನೀರು. ಪ್ರತಿ ಸಲ ಸೂಜಿ ಚುಚ್ಚಿಸಿಕೊಂಡು ಓಡಾಡುವುದು ಬೇಡ. ಎರಡು ದಾರಿ ಇವೆ. ಟಾಲ್ಕ್ ಪುಡಿ ಹಾಕಿ ಎರಡು ಪೊರೆಗಳನ್ನು ಅಂಟಿಸಿ ನೀರು ನಿಲ್ಲಲು ಜಾಗವೇ ಇಲ್ಲದ ಹಾಗೆ ಮಾಡುವುದು ಒಂದು. ಚರ್ಮದ ಕೆಳಗಿಂದ ಮೆತ್ತನೆಯ ಸಣ್ಣ ನಳಿಕೆ ಇಟ್ಟು ಮನೆಯಲ್ಲೇ ಬಾಟಲಿಗೆ ನೀರು ಇಳಿಸಿಕೊಳ್ಳುವುದು ಇನ್ನೊಂದು. ಯಾವುದು ಅನ್ನುವುದು ನೀರು ತೆಗೆದ ಮೇಲೆ ಶ್ವಾಸಕೋಶ ಹಿಗ್ಗುತ್ತದಾ ಇಲ್ಲವಾ ಅನ್ನುವುದರ ಮೇಲೆ ಹೋಗುತ್ತದೆ. ಮುಂದಿನ ಸಲ ಹೋದಾಗ ಇದೇ ಪ್ರಶ್ನೆ ಮೊದಲು ಕೇಳಿ.

ತುಂಗಾ ತೀರ:

ಅಕ್ಕಾ, ನಮ್ಮ ಅಮ್ಮನಿಗೆ ಇದೇ ಕಾಯಿಲೆ ಇತ್ತು, 2019ರಲ್ಲಿ ಗೊತ್ತಾಯಿತು. ಅವರು ಫ್ಯಾಕ್ಟರಿ ಬಾಗಿಲು ತುಳಿದವರಲ್ಲ. ಅಪ್ಪ ಶೀಟು ಮಾಡುವ ಫ್ಯಾಕ್ಟರಿಯಲ್ಲಿದ್ದರು, ಅಮ್ಮ ಇಪ್ಪತ್ತು ವರ್ಷ ಅವರ ಬಟ್ಟೆ ಒಗೆದರು. ಒಗೆಯುವ ಮುಂಚೆ ಹಿತ್ತಿಲಲ್ಲಿ ನಿಂತು ಪಟಪಟ ಅಂತ ಕೊಡವುತ್ತಿದ್ದರು. ಆ ಬಿಳಿ ಧೂಳು ಬಿಸಿಲಲ್ಲಿ ಹಾರುವುದು ನನಗೆ ಈಗಲೂ ಕಣ್ಣ ಮುಂದೆ ಇದೆ.

ಅಮ್ಮ ಇಪ್ಪತ್ತು ತಿಂಗಳು ನಮ್ಮ ಜೊತೆ ಇದ್ದರು, ಅದರಲ್ಲಿ ಒಂದು ವರ್ಷ ಚೆನ್ನಾಗಿಯೇ ಇದ್ದರು, ತಂಗಿಯ ಮದುವೆಗೆ ಕೂತು ಹೂವು ಕಟ್ಟಿದರು. ಕಿಮೋ ಬಗ್ಗೆ ನಾವು ಅನುಭವಿಸಿದ್ದು ಹೇಳುತ್ತೇನೆ. ಪೆಮೆಟ್ರೆಕ್ಸೆಡ್ ಶುರು ಮಾಡುವ ಒಂದು ವಾರ ಮೊದಲೇ ಫೋಲಿಕ್ ಆಸಿಡ್ ಮಾತ್ರೆ ದಿನಾ ತಿನ್ನಬೇಕು, ಬಿ12 ಇಂಜೆಕ್ಷನ್ ಒಂದು ಹಾಕಿಸಬೇಕು, ಅದನ್ನು ಒಂಬತ್ತು ವಾರಕ್ಕೊಮ್ಮೆ ಮತ್ತೆ. ಕಿಮೋದ ಹಿಂದಿನ ದಿನ, ಆ ದಿನ, ಮರುದಿನ ಸ್ಟಿರಾಯ್ಡ್ ಮಾತ್ರೆ. ಇವೆಲ್ಲ ಸಣ್ಣ ಮಾತ್ರೆಗಳು, ಆದರೆ ತಪ್ಪಿಸಿದರೆ ಬಾಯಿ ಹುಣ್ಣು, ರಕ್ತದ ಕಣ ಕುಸಿಯುವುದು, ಮೈ ಮೇಲೆ ಗಂಧೆ ಜಾಸ್ತಿ ಆಗುತ್ತದೆ. ನಾವು ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಲ್ಲಿ ಬರೆದು ಅಡುಗೆಮನೆ ಗೋಡೆಗೆ ತೂಗು ಹಾಕಿದ್ದೆವು.

ಸಿಸ್‌ಪ್ಲಾಟಿನ್ ಕೊಡುವ ದಿನ ಸಲೈನ್ ಸೇರಿ ಇಡೀ ದಿನ ಹೋಗುತ್ತದೆ, ಬುತ್ತಿ ಕಟ್ಟಿಕೊಂಡು ಹೋಗಿ. ವಾಂತಿಗೆ ಮಾತ್ರೆ ಕೊಡುತ್ತಾರೆ, ವಾಂತಿ ಬಂದ ಮೇಲೆ ಕೊಡುವುದಲ್ಲ, ಬರುವ ಮುಂಚೆಯೇ ಕೊಡಬೇಕು. ಅಮ್ಮನಿಗೆ ಮೂರನೇ ದಿನದಿಂದ ಆರನೇ ದಿನದವರೆಗೆ ಊಟ ಸೇರುತ್ತಿರಲಿಲ್ಲ. ರಾಗಿ ಗಂಜಿಗೆ ಮಜ್ಜಿಗೆ ಹಾಕಿ ಸ್ವಲ್ಪ ಸ್ವಲ್ಪ ಕೊಡುತ್ತಿದ್ದೆವು. ಜ್ವರ ಬಂದರೆ ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ, ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಿ. ನೋವಿಗೆ ಅಂತ ಅಂಗಡಿಯ ಬ್ರುಫೆನ್ ಥರದ ಮಾತ್ರೆ ಡಾಕ್ಟರನ್ನು ಕೇಳದೆ ಕೊಡಬೇಡಿ, ಈ ಔಷಧಿ ಜೊತೆ ಕಿಡ್ನಿಗೆ ಪೆಟ್ಟು ಅಂತ ನಮಗೆ ಹೇಳಿದ್ದರು.

ನಾವು ನಳಿಕೆ ಹಾಕಿಸಿದೆವು. ಮೊದಲ ಸಲ ಬಾಟಲಿ ಜೋಡಿಸುವಾಗ ನನ್ನ ಕೈ ನಡುಗುತ್ತಿತ್ತು. ಹತ್ತನೇ ಸಲಕ್ಕೆ ಅಮ್ಮನೇ "ಇಷ್ಟು ಸಾಕು ಮುಚ್ಚು" ಅನ್ನುತ್ತಿದ್ದರು. ಆಮೇಲೆ ಆಸ್ಪತ್ರೆಗೆ ನೀರು ತೆಗೆಸಲು ಅಂತ ಹೋಗಲೇ ಇಲ್ಲ.

ಕೊನೆಯ ನಾಲ್ಕು ತಿಂಗಳು ಮಾರ್ಫಿನ್ ಮಾತ್ರೆ ಬೇಕಾಯಿತು. ಮಾರ್ಫಿನ್ ಅಂದರೆ ಮುಗಿಯಿತು ಅಂತ ನಮ್ಮ ಕಡೆ ಹೆದರುತ್ತಾರೆ, ನಾವೂ ಎರಡು ವಾರ ಸುಮ್ನೆ ತಡ ಮಾಡಿದೆವು. ಆ ಎರಡು ವಾರ ಅಮ್ಮ ಪಟ್ಟ ನೋವು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ. ಮಾರ್ಫಿನ್ ಶುರು ಆದ ಮೇಲೆ ಮಲಗಿ ನಿದ್ದೆ ಮಾಡಿದರು, ಉಸಿರು ಕಟ್ಟುವುದೂ ಕಮ್ಮಿ ಆಯಿತು. ಅಕ್ಕಾ, ನೋವು ನೋಡಿಕೊಳ್ಳುವ ಡಾಕ್ಟರನ್ನು ಕೊನೆಗೆ ಅಂತ ಇಡಬೇಡಿ, ಕಿಮೋ ಶುರುವಾಗುವಾಗಲೇ ನೋಡಿ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಒಂದು ಪೈಸೆ ತೆಗೆದುಕೊಳ್ಳದೆ ಆರೈಕೆ ಮಾಡುತ್ತಾರೆ.

ಹಳೇ ಫಿಟ್ಟರ್:

ತಂಗೀ, ನಾನೂ ಸಕ್ಕರೆ ಕಾರ್ಖಾನೆಯಲ್ಲೇ 31 ವರ್ಷ ಇದ್ದವನು, ಬೇರೆ ಜಿಲ್ಲೆ. ನಿಮ್ಮ ಅಪ್ಪ ಏನು ಮಾಡಿರುತ್ತಾರೆ ಅಂತ ನನಗೆ ಕೇಳದೆಯೇ ಗೊತ್ತು. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಓವರ್‌ಹಾಲ್. ಸ್ಟೀಮ್ ಪೈಪಿನ ಹಳೇ ಲ್ಯಾಗಿಂಗ್, ಅಂದರೆ ಬಿಸಿ ಹೊರಗೆ ಹೋಗದಂತೆ ಮೆತ್ತಿದ ಕಲ್ನಾರಿನ ಹೊದಿಕೆ, ಸುತ್ತಿಗೆಯಲ್ಲಿ ಕುಟ್ಟಿ ಉದುರಿಸುವುದು, ಹೊಸದು ಕಲಸಿ ಮೆತ್ತುವುದು, ಬಾಯ್ಲರ್ ಬಾಗಿಲಿಗೆ ಆಸ್ಬೆಸ್ಟಾಸ್ ಹಗ್ಗ ಸುತ್ತುವುದು, ಗ್ಯಾಸ್ಕೆಟ್ ಕತ್ತರಿಸುವುದು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಅದೇ ದೊಡ್ಡ ರಕ್ಷಣೆ. ಹಗ್ಗದ ತುಂಡು ಬಿಸಿ ತಡೆಯುತ್ತದೆ ಅಂತ ಮನೆಗೂ ಒಯ್ದವರಿದ್ದಾರೆ. ಇದು ವಿಷ ಅಂತ ನಮಗೆ ಯಾರೂ ಹೇಳಲಿಲ್ಲ.

ಚಿಕಿತ್ಸೆ ವಿಷಯ ಡಾಕ್ಟರು ಹೇಳಿದ್ದಾರೆ. ನಾನು ಕಾಗದದ ವಿಷಯ ಹೇಳುತ್ತೇನೆ, ಯಾಕೆಂದರೆ ದುಃಖದಲ್ಲಿ ಇದು ಮರೆತು ಹೋಗುತ್ತದೆ, ಆಮೇಲೆ ಹೊತ್ತು ಮೀರಿರುತ್ತದೆ. ನೌಕರರ ಪರಿಹಾರ ಕಾನೂನಿನ ಉದ್ಯೋಗ ರೋಗಗಳ ಪಟ್ಟಿಯಲ್ಲಿ ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರೂ ಇದೆ, ಮೀಸೋಥೀಲಿಯೋಮವೂ ಇದೆ. ಸಕ್ಕರೆ ಕಾರ್ಖಾನೆ ಹಂಗಾಮಿನ ಕಾರ್ಖಾನೆ ಅಂತ ಇಎಸ್‌ಐ (ಕಾರ್ಮಿಕರ ವಿಮೆ) ಒಳಗೆ ಬರುತ್ತಿರಲಿಲ್ಲ, ಹಾಗಾಗಿ ಅಲ್ಲಿ ಹುಡುಕಬೇಡಿ, ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ಅಪ್ಪನ ಸರ್ವಿಸ್ ಸರ್ಟಿಫಿಕೇಟು, ಪಿಎಫ್ ಚೀಟಿ, ಹಳೇ ಗುರುತಿನ ಕಾರ್ಡು, ಯಾವ ವಿಭಾಗ ಅಂತ ಬರೆದಿರುವ ಯಾವುದೇ ಕಾಗದ ಸಿಕ್ಕರೂ ಎತ್ತಿಡಿ. ಬಯಾಪ್ಸಿ ರಿಪೋರ್ಟಿನ ನಕಲು ಮೂರು ಮಾಡಿಸಿ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ "ಆಸ್ಬೆಸ್ಟಾಸ್ ಕೆಲಸ, ಇಷ್ಟು ವರ್ಷ" ಅಂತ ಡಾಕ್ಟರ ಕೈಯಲ್ಲೇ ಬರೆಸಿ. ಅಪ್ಪನ ಜೊತೆ ಕೆಲಸ ಮಾಡಿದವರ ಹೆಸರು ಅವರಿಗೆ ನೆನಪಿರುವಾಗಲೇ ಕೇಳಿ ಬರೆದುಕೊಳ್ಳಿ, ಸಾಕ್ಷಿಗೆ ಬೇಕಾಗುತ್ತದೆ.

ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ನಿವೃತ್ತಿಯ ನಂತರ 15 ವರ್ಷ, ಯಾವುದು ಕೊನೆಗೋ ಅಲ್ಲಿಯವರೆಗೆ ಇಟ್ಟಿರಬೇಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ರೋಗ ಎಷ್ಟು ತಡವಾಗಿ ಬರುತ್ತದೆ ಅಂತ ನ್ಯಾಯಾಲಯಕ್ಕೆ ಆಗಲೇ ಗೊತ್ತಿತ್ತು. ನಮ್ಮಂತೆ ಲ್ಯಾಗಿಂಗ್ ಮಾಡಿದವರ ದಾಖಲೆ ಯಾರೂ ಇಡಲಿಲ್ಲ ಅನ್ನುವುದೇ ನನ್ನ ಸಂಕಟ.

ಘಟಪ್ರಭಾ ಮಗಳು:

ಮೂವರಿಗೂ ಕೈ ಮುಗಿಯುತ್ತೇನೆ. ಡಾಕ್ಟರ್ ಬರೆದದ್ದನ್ನು ಅಣ್ಣನಿಗೆ ಜೋರಾಗಿ ಓದಿ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ಹೊರಗೆ ಹೋಗಿ ಅತ್ತ. ಹೊಲದ ಮಾತು ಮತ್ತೆ ಎತ್ತಿಲ್ಲ.

ತುಂಗಾ ತೀರದ ಅಣ್ಣ, ನಮ್ಮ ಅವ್ವನೂ ಅಪ್ಪನ ಬಟ್ಟೆ ಹಾಗೇ ಕೊಡವಿ ಒಗೆಯುತ್ತಿದ್ದಳು. ನಿಮ್ಮ ಮಾತು ಓದಿದಾಗಿನಿಂದ ಎದೆ ಧಸಕ್ ಅನ್ನುತ್ತಿದೆ. ಸರ್, ಅವ್ವನಿಗೆ ಏನಾದರೂ ಪರೀಕ್ಷೆ ಮಾಡಿಸಬೇಕಾ? ಮತ್ತೆ ಶೀಟಿನ ಮನೆ ಬಿಡಬೇಕಾ?

ಎದೆರೋಗ ವಿಭಾಗ:

ಮೇಡಂ, ಮೊದಲು ಶೀಟು. ಸಿಮೆಂಟಿನಲ್ಲಿ ಕಲ್ನಾರು ಗಟ್ಟಿಯಾಗಿ ಹಿಡಿದಿರುವವರೆಗೆ, ಶೀಟು ಒಡೆಯದೆ ಇದ್ದರೆ, ಎಳೆ ಹೊರಗೆ ಬರುವುದು ಕಡಿಮೆ. ಅಪಾಯ ಇರುವುದು ಕತ್ತರಿಸುವಾಗ, ತೂತು ಕೊರೆಯುವಾಗ, ಬ್ರಷ್ ಹಾಕಿ ಪಾಚಿ ಕೆರೆಯುವಾಗ, ಹಳೇದಾಗಿ ಉದುರುವಾಗ. ನಿಮ್ಮ ಅಪ್ಪನ ಕಾಯಿಲೆಗೆ ಕಾರಣ ಶೀಟಿಗಿಂತ ಆ ಲ್ಯಾಗಿಂಗ್ ಅಂತಲೇ ನನಗೆ ಅನ್ನಿಸುತ್ತದೆ. ಇವತ್ತೇ ಮನೆ ಬಿಡಬೇಕಿಲ್ಲ. ಯಾವತ್ತಾದರೂ ಶೀಟು ಬದಲಿಸುವುದಾದರೆ ನೀರು ಹಾಕಿ ಚೆನ್ನಾಗಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಿ, ಒಣ ಪೊರಕೆಯಲ್ಲಿ ಗುಡಿಸಬೇಡಿ, ಒಡೆದ ಚೂರನ್ನು ಅಂಗಳದ ಗುಂಡಿಗೆ ಹಾಕಿ ತುಳಿಯಬೇಡಿ. ನಮ್ಮಲ್ಲಿ ಗಣಿಗಾರಿಕೆ ನಿಂತಿದೆ, ಆದರೆ ಬಿಳಿ ಕಲ್ನಾರು ಹೊರದೇಶಗಳಿಂದ ಇನ್ನೂ ಬರುತ್ತಿದೆ, ಶೀಟೂ ತಯಾರಾಗುತ್ತಿದೆ. ಬಿಳಿಯದಾದರೆ ಪರವಾಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ಅವ್ವನ ವಿಷಯ. ಹಾಗೆ ಧೂಳು ಕುಡಿದವರಲ್ಲಿ ಹೆಚ್ಚಿನವರಿಗೆ ಈ ರೋಗ ಬರುವುದಿಲ್ಲ. ಮೊದಲೇ ಹಿಡಿಯುವ ರಕ್ತ ಪರೀಕ್ಷೆ ಅಂತ ನಂಬಿಕೊಳ್ಳುವಂಥದ್ದು ಇಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಒಂದು ಎಕ್ಸ್‌ರೇ ತೆಗೆಸಿ ಇಟ್ಟುಕೊಳ್ಳಿ, ಮುಂದೆ ಹೋಲಿಸಲು ಆಗುತ್ತದೆ. ಏದುಸಿರು, ಎದೆಯ ಒಂದೇ ಕಡೆ ನೋವು, ಕಾರಣ ಇಲ್ಲದೆ ತೂಕ ಇಳಿಯುವುದು ಕಂಡರೆ ಬೇಗ ಬನ್ನಿ, ಬಂದಾಗ ಬಟ್ಟೆ ಒಗೆದ ಕಥೆ ಹೇಳಿ.

ಘಟಪ್ರಭಾ ಮಗಳು:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ನಳಿಕೆ ಹಾಕಿಸಿದೆವು, ಅಪ್ಪನ ಶ್ವಾಸಕೋಶ ಪೂರ್ತಿ ಹಿಗ್ಗುತ್ತಿರಲಿಲ್ಲ, ಅದಕ್ಕೆ ಪುಡಿ ಹಾಕುವುದು ಬೇಡ ಅಂದರು. ಮೊದಲ ರಾತ್ರಿಯೇ ಅಂಗಾತ ಮಲಗಿ ನಿದ್ದೆ ಮಾಡಿದರು, ಎಷ್ಟು ತಿಂಗಳ ಮೇಲೋ. ಟಿಬಿ ಮಾತ್ರೆ ನಿಲ್ಲಿಸಿದ್ದಾರೆ. ಫೋಲಿಕ್ ಆಸಿಡ್ ಶುರುವಾಗಿದೆ, ಬಿ12 ಹಾಕಿಸಿ ಆಯಿತು, ಹುಬ್ಬಳ್ಳಿಯಲ್ಲಿ ಮೊದಲ ಕಿಮೋ ಗುರುವಾರ. ಕ್ಯಾಲೆಂಡರ್ ಗೋಡೆಗೆ ಹಾಕಿದ್ದೇವೆ, ಕೆಂಪು ಪೆನ್ನಲ್ಲೇ.

ಅಪ್ಪನಿಗೆ ಎಲ್ಲ ಹೇಳಿದೆವು. ಹಳೇ ಫಿಟ್ಟರ್ ಕಾಕಾ ಹೇಳಿದಂತೆ ಜೊತೆಗಾರರ ಹೆಸರು ಕೇಳಿದಾಗ ಮೊದಲ ಸಲ ಎದ್ದು ಕೂತರು. ಹನ್ನೊಂದು ಹೆಸರು ಹೇಳಿದರು, ಯಾರು ಯಾವ ಬಾಯ್ಲರ್, ಯಾರ ಮನೆ ಎಲ್ಲಿ ಅಂತ. ನಾಲ್ವರು ಈಗ ಇಲ್ಲ. ಒಬ್ಬರು ಪಕ್ಕದ ಊರಲ್ಲೇ ಇದ್ದಾರೆ, ಎರಡು ತಿಂಗಳಿಂದ ಏದುಸಿರಂತೆ, ವಯಸ್ಸಾಯಿತು ಅಂತ ಸುಮ್ಮನಿದ್ದರಂತೆ. ಅಪ್ಪನೇ ಫೋನ್ ಮಾಡಿ ಮಾತಾಡಿದರು. ಸೋಮವಾರ ಅಣ್ಣ ಅವರನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗುತ್ತಿದ್ದಾನೆ.